ಅಂಗಳದಲ್ಲಿ ಬಿಡಿಸಿದ ಕಾಡು

ಹೆಗ್ಗಡದೇವನಕೋಟೆ ತಾಲ್ಲೂಕು ಅಂತರಸಂತೆ ಹೋಬಳಿಯಲ್ಲಿ ನನಗೆ ನಾಲ್ಕೂವರೆ ಎಕರೆ ಮಳೆ ನಂಬಿದ ಹೊಲ. ರಾಗಿ, ಹುರುಳಿ, ಅವರೆ, ಒಂದಷ್ಟು ಹತ್ತಿ. ಮೇಲ್ಭಾಗದ ಎರಡೆಕರೆ ನೀಲಗಿರಿ, ನಮ್ಮಪ್ಪ ನೆಟ್ಟದ್ದು. ಹೋದ ವರ್ಷ ಅದನ್ನು ನಾಲ್ಕನೆಯ ಸಲ ಕಡಿಸಿದೆ. ಲಾರಿ ಹೋದ ಮಾರನೆಯ ದಿನವೇ ಮನೆಯಲ್ಲಿ ಮಾತು ಎದ್ದಿತು.

ಮಗ ಹೇಳಿದ: "ಬೊಡ್ಡೆ ಹಾಗೇ ಬಿಡಪ್ಪ, ತಾನೇ ಚಿಗುರ್ತದೆ. ಬೀಜ ಇಲ್ಲ, ಗೊಬ್ಬರ ಇಲ್ಲ, ಹಂದಿ ಕಾಟ ಇಲ್ಲ." ನನ್ನ ಹೆಂಡತಿ ಒಪ್ಪಲಿಲ್ಲ. "ಬೊಡ್ಡೆ ಕೀಳ್ಸಿ ರಾಗಿ ಹಾಕಿ, ಹುಲ್ಲಾದರೂ ಆಯ್ತದೆ" ಅಂತ ಅವಳ ಹಟ. ನಾನು ಎರಡು ರಾತ್ರಿ ಕೂತು ಪುಸ್ತಕದಲ್ಲಿ ಲೆಕ್ಕ ಬರೆದೆ. ನೀಲಗಿರಿಯ ಖರ್ಚಿನ ಕಡೆ ಬರೆಯಲು ಏನೂ ಇರಲಿಲ್ಲ, ಬಂದದ್ದೆಲ್ಲ ಲಾಭವೇ. ಆದರೂ ಮನಸ್ಸು ಒಪ್ಪಲಿಲ್ಲ. ಏಳನೇ ಕ್ಲಾಸು ಓದಿದ ನನ್ನ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ ಅನ್ನಿಸುತ್ತಿತ್ತು.

ಬಿಟ್ಟುಹೋದದ್ದು ಸಿಕ್ಕಿದ್ದು ಪುಸ್ತಕದಲ್ಲಲ್ಲ, ಅಂಗಳದಲ್ಲಿ ರಂಗೋಲಿಯಿಂದ ಬಿಡಿಸಿದ ಚಿತ್ರದಲ್ಲಿ. ಆ ವಿಧಾನ ನಿಮಗೂ ಉಪಯೋಗವಾಗಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಾಡನ್ನು ಬೇರೆಯವರು ಬಿಡಿಸಿದ್ದು

ಮೊದಲು ಒಂದು ಮಾತು. ನಮ್ಮ ಕಾಕನಕೋಟೆ ಸೀಮೆಯ ಕಾಡನ್ನು ಚಿತ್ರ ಮಾಡಿದವರು ಬಹಳ ಜನ.

ಮೈಸೂರು ಅರಮನೆಯಲ್ಲಿ ಬೀಟೆ ಮರದ ಬಾಗಿಲುಗಳಿಗೆ ದಂತ ಕೂರಿಸಿದ್ದಾರೆ. ಮೈಸೂರಿನ ಕುಶಲಕರ್ಮಿಗಳು ಬೀಟೆ ಹಲಗೆಯನ್ನು ಕೆತ್ತಿ, ಹಲಸು, ಮಾವು ಹೀಗೆ ಬಣ್ಣ ಬಣ್ಣದ ಮರದ ಚೂರು ಕೂರಿಸಿ ಆನೆ, ಕಾಡು, ಹಳ್ಳಿಯ ಚಿತ್ರ ಮಾಡುತ್ತಾರೆ. ಆ ಕೆಲಸಕ್ಕೆ ಮೈಸೂರಿನ ಹೆಸರಿನಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಕಾಡಿನ ಮರದಲ್ಲೇ ಕಾಡಿನ ಚಿತ್ರ!

1937ರಲ್ಲಿ 'ಎಲಿಫೆಂಟ್ ಬಾಯ್' ಅನ್ನೋ ಇಂಗ್ಲಿಷ್ ಸಿನಿಮಾ ಬಂತು. ಅದರಲ್ಲಿ ಆನೆಯ ಹುಡುಗನಾಗಿ ಕುಣಿದಾಡಿದ ಸಾಬು ನಮ್ಮ ಪಕ್ಕದ ಕಾರಾಪುರದವನು, ಮಾವುತನ ಮಗ. ಇಲ್ಲಿಂದ ಹೋಗಿ ಹಾಲಿವುಡ್ಡಿನಲ್ಲಿ ಹೆಸರು ಮಾಡಿದ. ಮಾಸ್ತಿ ವೆಂಕಟೇಶ ಅಯ್ಯಂಗಾರರು 'ಕಾಕನಕೋಟೆ' ನಾಟಕ ಬರೆದರು. ಸಿ.ಆರ್. ಸಿಂಹ ಅದನ್ನು 1977ರಲ್ಲಿ ಸಿನಿಮಾ ಮಾಡಿದರು. ಅದಕ್ಕೂ ಮುಂಚೆ, 1973ರಲ್ಲಿ, ಮೈಸೂರಿನ ಪೈಲ್ವಾನ್ ಎಂ.ಪಿ. ಶಂಕರ್ ತಯಾರಿಸಿದ 'ಗಂಧದ ಗುಡಿ' ಬಂದಿತ್ತು. ರಾಜ್‌ಕುಮಾರ್ ಅರಣ್ಯಾಧಿಕಾರಿಯ ಉಡುಪು ಹಾಕಿದ್ದನ್ನು ನೋಡಿ, ಕಾಡು ಕಾಯುವುದು ದೊಡ್ಡ ಕೆಲಸ ಅಂತ ನಮ್ಮಂಥ ಹುಡುಗರಿಗೆ ತಿಳಿಯಿತು. ಇದರಲ್ಲಿ ತಪ್ಪೇನಿಲ್ಲ. ಟೆಂಟಿನಲ್ಲಿ ನಾನೂ ಸೀಟಿ ಹೊಡೆದವನೇ.

ಆದರೆ ಈ ಚಿತ್ರಗಳಲ್ಲಿ ಕಾಣುವುದು ಹೆಚ್ಚಾಗಿ ರಾಜ, ಆನೆ, ಅಧಿಕಾರಿ, ಕಳ್ಳ. ಹಾಡಿಯವರನ್ನು ಮಾಸ್ತಿಯವರು ತಂದರು. ಕಾಡಿನಂಚಿನಲ್ಲಿ ರಾಗಿ ಬಿತ್ತುವ ನಾವು, ನಮ್ಮ ದನ, ನಮ್ಮ ಹಳ್ಳ, ನಮ್ಮ ಸೌದೆ ಹೊರೆ ಮಾತ್ರ ನನಗೆ ಎಲ್ಲೂ ಕಾಣಲಿಲ್ಲ. ಕಾಡಿನಲ್ಲಿ ಏನು ನೆಟ್ಟರೆ, ಏನು ಕಡಿದರೆ ಹೊಲಕ್ಕೆ ಏನಾಗುತ್ತದೆ ಅನ್ನುವುದನ್ನು ನೋಡಬೇಕಾದರೆ ಆ ಚಿತ್ರವನ್ನು ನಾವೇ ಬಿಡಿಸಬೇಕು.

ರಂಗೋಲಿ ನಕ್ಷೆ

ಇದು ನನ್ನ ಕಂಡುಹಿಡಿತ ಅಲ್ಲ. ಮೈರಾಡ ಸಂಸ್ಥೆಯವರು 1980ರ ದಶಕದಲ್ಲೇ ನಮ್ಮ ತಾಲ್ಲೂಕಿಗೆ ಬಂದು ಕೆಲಸ ಮಾಡಿದವರು. ಊರಿನವರೇ ನೆಲದ ಮೇಲೆ ರಂಗೋಲಿ ಪುಡಿ, ಎಲೆ, ಕಲ್ಲು, ಕಾಳು ಇಟ್ಟು ಊರಿನ ನಕ್ಷೆ ಬಿಡಿಸುವ ಪದ್ಧತಿಯನ್ನು ನಮ್ಮ ದೇಶದಲ್ಲಿ ಮೊದಮೊದಲು ಬಳಕೆಗೆ ತಂದವರಲ್ಲಿ ಅವರೂ ಒಬ್ಬರು. ಓದು ಬಾರದವರೂ ಮಾತಾಡುತ್ತಾರೆ ಅನ್ನುವುದೇ ಅದರ ಗುಣ. ಕಾಗದ ಪೆನ್ನು ಕೊಟ್ಟರೆ ಓದಿದವನೊಬ್ಬನೇ ಬರೆಯುತ್ತಾನೆ. ರಂಗೋಲಿ ಕೊಟ್ಟರೆ ಹೆಂಗಸರು ಮುಂದೆ ಬರುತ್ತಾರೆ.

ಒಂದು ಸಂಜೆ ಅಂಗಳ ಸಾರಿಸಿ ಕೂತೆವು. ನನ್ನ ಅವ್ವನಿಗೆ ಎಪ್ಪತ್ತೈದು ದಾಟಿದೆ. ಪಕ್ಕದ ಹಾಡಿಯಿಂದ ಒಬ್ಬ ಜೇನುಕುರುಬರ ತಾತನನ್ನೂ ಕರೆದಿದ್ದೆ. ಅಪ್ಪನ ಕಾಲದಿಂದಲೂ ಪರಿಚಯ. ಒಂದೇ ಜಾಗದ ಮೂರು ಚಿತ್ರ ಬಿಡಿಸುವುದು ಅಂತ ಮಾಡಿಕೊಂಡೆವು. ಅಣೆಕಟ್ಟಿಗೆ ಮುಂಚಿನದು, ಅಪ್ಪ ನೀಲಗಿರಿ ನೆಟ್ಟ ಕಾಲದ್ದು, ಇವತ್ತಿನದು.

ಪ್ರತಿ ಚಿತ್ರದ ಪಕ್ಕ ಹತ್ತು ಹುರುಳಿಕಾಳು. ಆ ಕಾಲದಲ್ಲಿ ಮನೆ ನಡೆದದ್ದು ಯಾವುದರಿಂದ ಅಂತ ಯೋಚಿಸಿ ಆ ಹತ್ತು ಕಾಳನ್ನು ಚಿತ್ರದ ಮೇಲೆ ಹಂಚಬೇಕು. ರೂಪಾಯಿ ಲೆಕ್ಕ ಬೇಡ. ಐವತ್ತು ವರ್ಷದ ಹಿಂದಿನ ರೂಪಾಯಿಗೂ ಇವತ್ತಿನದಕ್ಕೂ ತಾಳೆ ಆಗುವುದಿಲ್ಲ. ಕಾಳಾದರೆ ಪಾಲು ಗೊತ್ತಾಗುತ್ತದೆ.

ಮೊದಲನೆಯ ಚಿತ್ರ: ಅವ್ವನದು

ಅವ್ವ ಮೊದಲು ಎಳೆದದ್ದು ಹೊಲವನ್ನಲ್ಲ, ಹಳ್ಳವನ್ನು. "ಇಲ್ಲಿ ಹರೀತಿತ್ತು ಕಣಪ್ಪ. ಸಂಕ್ರಾಂತಿ ಕಳದ್ರೂ ಬಟ್ಟೆ ಒಗೀತಿದ್ವಿ" ಅಂದಳು. ಮಗ ಅಲ್ಲಿ ಹಳ್ಳವಿತ್ತು ಅಂತಲೇ ಕೇಳಿರಲಿಲ್ಲ. ಈಗ ಅದು ಗಾಡಿ ದಾರಿ.

ಹಳ್ಳದಾಚೆ ಗೋಮಾಳ, ಅದರಾಚೆ ಕಾಡು. ಕಾಡಿಗೆ ಅವ್ವ ಬೇರೆ ಬೇರೆ ಎಲೆ ಇಟ್ಟಳು: ಮತ್ತಿ, ಹೊನ್ನೆ, ತಾರೆ, ಬೀಟೆ, ನೆಲ್ಲಿ, ಬಿದಿರು. ತಾತ ಇದ್ದಿಲಿನಲ್ಲಿ ಅಲ್ಲಲ್ಲಿ ಚುಕ್ಕೆ ಇಟ್ಟ. ಅವು ಹೆಜ್ಜೇನಿನ ಮರಗಳು. ಒಂದು ಮೂಲೆಯಲ್ಲಿ ಅವನು ಸಾಲು ಸಾಲಾಗಿ ಗೆರೆ ಎಳೆದ. ಅದು ತೇಗದ ತೋಪು. ತೇಗದ ಸಾಲು ದೊರೆಗಳ ಕಾಲದಿಂದಲೇ ಈ ಕಾಡಿನಲ್ಲಿದೆ. ಆ ಗೆರೆಗಳ ಮೇಲೆ ಒಂದೂ ಚುಕ್ಕೆ ಇಡಲಿಲ್ಲ. ಕೇಳಿದ್ದಕ್ಕೆ, "ತೇಗದ ತೋಪಲ್ಲಿ ನಾನು ಹೆಜ್ಜೇನು ಇಳಿಸಿದ್ದೇ ಇಲ್ಲ" ಅಂದ. ಅಷ್ಟೇ. ಅರಣ್ಯಶಾಸ್ತ್ರದ ಒಂದು ಪಾಠ ಆ ಖಾಲಿ ಗೆರೆಯಲ್ಲಿತ್ತು. ಹತ್ತು ಜಾತಿ ಮರ ಇದ್ದ ಕಡೆ ಒಂದೇ ಜಾತಿ ನೆಟ್ಟರೆ ದಿಮ್ಮಿಯ ಲೆಕ್ಕ ಏರುತ್ತದೆ, ಜೇನು, ನೆಲ್ಲಿ, ಗೆಡ್ಡೆ, ಮೇವಿನ ಲೆಕ್ಕ ಇಳಿಯುತ್ತದೆ. ದಿಮ್ಮಿ ಎಣಿಸುವವರು ಒಬ್ಬರು, ಜೇನು ಇಳಿಸುವವರು ಇನ್ನೊಬ್ಬರು. ಆದ್ದರಿಂದ ಏರಿದ್ದು ಪುಸ್ತಕದಲ್ಲಿ ಬಂತು, ಇಳಿದದ್ದು ಬರಲಿಲ್ಲ.

ಅವ್ವ ಕಾಳು ಹಂಚಿದಳು. ಹೊಲಕ್ಕೆ ನಾಲ್ಕು, ದನಕ್ಕೆ ಮೂರು, ಕಾಡಿನಿಂದ ತಂದದ್ದಕ್ಕೆ ಎರಡು, ಕೂಲಿಗೆ ಒಂದು. ದನಕ್ಕೆ ಇಟ್ಟ ಮೂರು ಕಾಳೂ ಕಾಡಿನವೇ ಅಂತ ಅವಳೇ ಹೇಳಿದಳು. ದನ ಮೇಯುತ್ತಿದ್ದುದು ಅಲ್ಲೇ, ಗೊಬ್ಬರ ಹೊಲಕ್ಕೆ ಬರುತ್ತಿದ್ದುದೂ ಅಲ್ಲಿಂದಲೇ.

ಎರಡನೆಯ ಚಿತ್ರ: ಅಪ್ಪನ ಕಾಲದ್ದು

ಇದನ್ನು ಬಿಡಿಸಿದ್ದು ನಾನು ಮತ್ತು ನನ್ನ ಹೆಂಡತಿ. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು. ಮೊದಲ ಚಿತ್ರದ ಕಾಡು, ಹೊಲ, ಊರುಗಳ ಮೇಲೆ ಒಂದು ಬೊಗಸೆ ನೀಲಿ ಪುಡಿ ಸುರಿಯಬೇಕಾಯಿತು. ಖೆಡ್ಡಾ ನಡೆಯುತ್ತಿದ್ದ ಹೊಳೆಯ ದಂಡೆಯೂ ಅದರಡಿ ಹೋಯಿತು. ನೀರು ನಿಂತದ್ದು ನಮ್ಮಲ್ಲಿ, ನಾಲೆ ಹರಿದದ್ದು ಹೆಚ್ಚಾಗಿ ನಂಜನಗೂಡು, ನರಸೀಪುರದ ಕಡೆಗೆ. ಆಮೇಲೆ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ದನ ಬಿಡುವ ದಾರಿ ಮುಚ್ಚುತ್ತಾ ಬಂತು. ಹಾಡಿಯವರು ಕಾಡಿನಿಂದ ಹೊರಗೆ ಬಂದರು. ತಾತ ತನ್ನ ಹಳೆಯ ಹಾಡಿಯ ಜಾಗದಲ್ಲಿ ಒಂದು ಕಲ್ಲಿಟ್ಟು ಸುಮ್ಮನಾದ.

ಅದೇ ಹೊತ್ತಿಗೆ ವಿಶ್ವಬ್ಯಾಂಕಿನ ಸಾಲದಲ್ಲಿ ರಾಜ್ಯದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಶುರುವಾಯಿತು. ರೈತರ ಸೌದೆ ಕಷ್ಟ ನೀಗಬೇಕು ಅನ್ನುವುದು ಅದರ ಉದ್ದೇಶ. ಊರೂರಿಗೂ ಬಂದದ್ದು ಮಾತ್ರ ಹೆಚ್ಚಾಗಿ ನೀಲಗಿರಿ ಸಸಿ. ಅಪ್ಪ 1985ರಲ್ಲಿ ಗಾಡಿ ಕಟ್ಟಿಕೊಂಡು ಹೋಗಿ ತಂದ. ಗುಂಡಿ ತೋಡಿದ್ದು ನಾನು.

ಅಪ್ಪ ದಡ್ಡನಲ್ಲ. ಅವನಿಗೆ ಕಾರಣಗಳಿದ್ದವು. ಒಂದು, ದನ ತಿನ್ನದ ಗಿಡ. ಎರಡು, ನಮ್ಮ ಕಡೆ ಹೊಗೆಸೊಪ್ಪು ಏರುತ್ತಿದ್ದ ಕಾಲ ಅದು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಎಲ್ಲ ಕಡೆ ಬ್ಯಾರನ್ ಎದ್ದವು. ನಮ್ಮ ಬ್ಯಾರನ್ನಿನಲ್ಲಿ ಒಂದು ಕೆ.ಜಿ. ಹದವಾದ ಸೊಪ್ಪಿಗೆ ನಾಲ್ಕೈದು ಕೆ.ಜಿ. ಸೌದೆ ಬೇಕಾಗುತ್ತಿತ್ತು. ಕಾಡಿನ ಸೌದೆ ತಂದರೆ ಕೇಸು, ಹೊಲದ್ದಾದರೆ ಯಾರೂ ಕೇಳುವಂತಿಲ್ಲ. ಮೂರು, ಕಾನೂನು. ನೀಲಗಿರಿ ಕಡಿಯಲು ಪರವಾನಗಿ ಬೇಡ. ಬೀಟೆ ಕಡಿಯಲು ಬೇಕು. ಗಂಧವಂತೂ ನಮ್ಮ ಹೊಲದಲ್ಲೇ ಹುಟ್ಟಿದರೂ 2001ರಲ್ಲಿ ಕಾಯಿದೆ ತಿದ್ದುವವರೆಗೆ ಸರಕಾರದ್ದೇ ಆಗಿತ್ತು. ಬದುವಿನಲ್ಲಿ ಗಂಧದ ಸಸಿ ಕಂಡರೆ 'ಯಾಕಪ್ಪ ಈ ತಲೆನೋವು' ಅಂತ ಕಿತ್ತು ಎಸೆದವರನ್ನು ನಾನೇ ನೋಡಿದ್ದೇನೆ. ಕಾನೂನು ಯಾವ ಮರವನ್ನು ಸುಲಭ ಮಾಡುತ್ತದೋ ಆ ಮರ ಹೊಲ ತುಂಬುತ್ತದೆ. ನಮ್ಮ ಬಯಲುಸೀಮೆಯ ನೋಟ ಬದಲಾದದ್ದು ಮಳೆಯಿಂದ ಮಾತ್ರವಲ್ಲ, ಇಂಥ ಕಾಗದಗಳಿಂದಲೂ ಹೌದು.

ಇದನ್ನು ಆಗಲೇ ಗುರುತಿಸಿದ ರೈತರಿದ್ದರು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ನೀಲಗಿರಿ ಸಸಿ ಕಿತ್ತರು. ಅದೇ ವರ್ಷ ಶಿರಸಿ ಕಡೆ ಅಪ್ಪಿಕೋ ಚಳವಳಿ ಎದ್ದಿತು. ಅವರು ಯಕ್ಷಗಾನ, ಬೀದಿ ನಾಟಕ ಮಾಡಿಕೊಂಡು ಊರೂರಿಗೆ ವಿಷಯ ಮುಟ್ಟಿಸಿದರು. 1987ರ ನವೆಂಬರಿನಲ್ಲಿ ಹಾವೇರಿ ಹತ್ತಿರದ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಊರಿನವರ ಸಾಮೂಹಿಕ ಜಮೀನನ್ನು ಕಾರ್ಖಾನೆಯ ನೀಲಗಿರಿಗೆ ಕೊಟ್ಟಿದ್ದರು. ಜನ ಅಲ್ಲಿ ನೀಲಗಿರಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. ಎರಡೇ ಮಾತಿನ ಹೆಸರು, ಆದರೆ ಅದರಲ್ಲಿ ಏನು ಮಾಡಬೇಕು ಅನ್ನುವುದು ಪೂರ್ತಿ ಇದೆ. ಬರೀ ಕಿತ್ತರೆ ಸಾಲದು.

ಎರಡನೆಯ ಚಿತ್ರದ ಕಾಳು ಹೀಗೆ ಬಿದ್ದವು: ಹೊಗೆಸೊಪ್ಪಿಗೆ ನಾಲ್ಕು, ರಾಗಿ ಹುರುಳಿಗೆ ಎರಡು, ನೀಲಗಿರಿಗೆ ಎರಡು, ದನಕ್ಕೆ ಒಂದು, ಕೂಲಿಗೆ ಒಂದು. ಕಾಡಿನ ಕಡೆ ಕಾಳೇ ಇಲ್ಲ.

ಮೂರನೆಯ ಚಿತ್ರ: ಮಗನದು

ಇವತ್ತಿನದನ್ನು ಮಗನಿಗೇ ಬಿಟ್ಟೆವು. ಕಾಡಿನಂಚಿಗೆ ಆನೆ ಟ್ರೆಂಚು, ಸೋಲಾರ್ ಬೇಲಿ, ಅಲ್ಲಲ್ಲಿ ರೈಲು ಕಂಬಿಯ ಬೇಲಿ. ಹಿನ್ನೀರಿನ ದಂಡೆಗೆ ರೆಸಾರ್ಟುಗಳು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಸಿರು ಹುಲ್ಲು ಏಳುವ ಜಾಗಕ್ಕೆ ಒಂದು ಹಿಡಿ ಹಸಿ ಗರಿಕೆ ಇಟ್ಟ. ಆನೆಗಳ ಹಿಂಡು ಸೇರುವುದು ಅಲ್ಲೇ, ಅದನ್ನು ನೋಡಲು ದೇಶ ದೇಶದ ಜನ ಬರುತ್ತಾರೆ. ಅವ್ವ ಬಗ್ಗಿ ನೋಡಿ, "ಅದು ನಮ್ಮ ತೌರಿನೋರ ಹೊಲ" ಅಂದಳು. ಯಾರೂ ಮಾತಾಡಲಿಲ್ಲ.

ಕಾಡಿನೊಳಗೆ ಮಗ ಲಂಟಾನದ ಕಡ್ಡಿ ಚೆಲ್ಲಿದ. ಹೂವಿನ ಅಂದಕ್ಕೆ ಅಂತ ಬ್ರಿಟಿಷರು ಎರಡು ನೂರು ವರ್ಷದ ಹಿಂದೆ ತಂದ ಗಿಡ ಇದು. ಇದರಡಿ ಹುಲ್ಲು ಬೆಳೆಯುವುದಿಲ್ಲ. ಹುಲ್ಲಿಲ್ಲದ ಕಾಡಿನಿಂದ ಆನೆ, ಜಿಂಕೆ ನಮ್ಮ ರಾಗಿಗೆ ಬರುವುದು ಸುಲಭ.

ಹತ್ತು ಕಾಳನ್ನು ಹೀಗೆ ಇಟ್ಟ: ಕೂಲಿಗೆ ನಾಲ್ಕು (ಅವನು ಕೊಡಗಿನ ಕಾಫಿ ತೋಟಕ್ಕೂ ಹೋಗುತ್ತಾನೆ, ರೆಸಾರ್ಟಿನ ಕೆಲಸಕ್ಕೂ ಹೋಗುತ್ತಾನೆ), ಹೊಲಕ್ಕೆ ಮೂರು, ಡೈರಿ ಹಾಲಿಗೆ ಎರಡು. ಕೊನೆಯ ಒಂದು ಕಾಳು ಬೆರಳಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ ನೀಲಗಿರಿಯ ಮೇಲೆ ಇಟ್ಟ.

ಆಗ ನನ್ನ ಹೆಂಡತಿ ಕೇಳಿದಳು: "ನಾಲ್ಕೂವರೆ ಎಕರೇಲಿ ಎರಡೆಕರೆಗೆ ಒಂದು ಕಾಳಾ?"

ನನ್ನ ಪುಸ್ತಕದಲ್ಲಿ ಬಿಟ್ಟುಹೋಗಿದ್ದು ಅದೇ. ಖರ್ಚಿಲ್ಲ ಅಂತ ಬರೆದಿದ್ದೆ. ಜಾಗ ಕೂಡ ಖರ್ಚು ಅಂತ ಹೊಳೆದಿರಲಿಲ್ಲ. ಏಳೆಂಟು ವರ್ಷಕ್ಕೊಮ್ಮೆ ಒಟ್ಟಿಗೆ ಬರುವ ದುಡ್ಡು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ವರ್ಷಕ್ಕೆ ಹಂಚಿದರೆ ಸಣ್ಣದು. ಅದರಲ್ಲೂ ಕಡಿದಂತೆಲ್ಲ ಬೊಡ್ಡೆಗಳು ಸಾಯುತ್ತಾ, ಇಳುವರಿ ಇಳಿಯುತ್ತಾ ಬರುತ್ತದೆ.

ನೀರಿನ ಮಾತು

ಹಳ್ಳ ಬತ್ತಿದ್ದು ನೀಲಗಿರಿಯಿಂದಲೇ ಅಂತ ನಾನು ಆಣೆ ಮಾಡುವುದಿಲ್ಲ. ಗೋಮಾಳ ಹೊಲವಾಯಿತು, ಬೋರು ಕೊರೆದೆವು, ಕೆರೆ ಹೂಳು ತುಂಬಿತು. ಎಲ್ಲವೂ ಸೇರಿದೆ.

ಆದರೆ ನೀಲಗಿರಿಯ ನೀರಿನ ಬಗ್ಗೆ ನಮ್ಮ ರಾಜ್ಯದಲ್ಲೇ ಅಳತೆ ಮಾಡಿ ನೋಡಿದ್ದಾರೆ. ಬ್ರಿಟನ್ನಿನ ಜಲವಿಜ್ಞಾನಿಗಳು ಮತ್ತು ನಮ್ಮವರು ಸೇರಿ 1980ರ ದಶಕದ ಕೊನೆಯಲ್ಲಿ ಇದನ್ನು ಕೈಗೊಂಡರು. ಆಳವಾದ ಮಣ್ಣಿರುವ ಹೊಸಕೋಟೆಯಲ್ಲಿ ನೀಲಗಿರಿ ಬಿದ್ದ ಮಳೆಗಿಂತ ಹೆಚ್ಚು ನೀರು ಬಳಸಿತ್ತು. ಅಂದರೆ ಬೇರು ಇಳಿಸಿ, ಹಳೆಯ ಮಳೆಯ ನೀರನ್ನೂ ಎಳೆದುಕೊಂಡಿತ್ತು. ಮಣ್ಣು ತೆಳುವಾಗಿದ್ದ ಶಿವಮೊಗ್ಗ ಕಡೆಯ ಜಾಗದಲ್ಲಿ ಅದು ಬಳಸಿದ್ದು ಹೆಚ್ಚುಕಡಿಮೆ ನಾಡಕಾಡಿನಷ್ಟೇ. ಆದ್ದರಿಂದ ನಿಮ್ಮ ಮಣ್ಣಿನ ಆಳ ನೋಡಿ ಮಾತಾಡಿ. ಹೊಸ ಬಾವಿ ತೆಗೆದಾಗ ಎಷ್ಟು ಅಡಿಗೆ ಕಲ್ಲು ಸಿಕ್ಕಿತು ಅಂತ ಅಕ್ಕಪಕ್ಕ ಕೇಳಿದರೆ ಗೊತ್ತಾಗುತ್ತದೆ. ನಮ್ಮಲ್ಲಿ ಮಣ್ಣು ಆಳ.

ಸರಕಾರವೇ 2017ರಲ್ಲಿ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿತು. ನೆಡಿ ಅಂದ ಕೈಯೇ ಬೇಡ ಅಂದಿತು. ಆದರೆ ನೆಲದಲ್ಲಿರುವ ಹಳೆಯ ಬೊಡ್ಡೆಗಳ ಗತಿ ನಮಗೇ ಬಿಟ್ಟದ್ದು.

ನಾವು ಮಾಡಿದ್ದು

ಚಿತ್ರ ನೋಡಿದ ಮೇಲೆ ಮಗನೇ ಒಂದೆಕರೆ ಕೀಳೋಣ ಅಂದ. ಒಂದೇ ಸಲಕ್ಕೆ ಎರಡೂ ಬೇಡ ಅಂತ ಎಲ್ಲರೂ ಒಪ್ಪಿದೆವು. ಬೊಡ್ಡೆಯ ಸುತ್ತ ತೋಡಿ, ಪಕ್ಕದ ಬೇರು ಕಡಿದು ಎಬ್ಬಿಸಿದೆವು. ದೊಡ್ಡವಕ್ಕೆ ಜೆ.ಸಿ.ಬಿ. ತರಿಸಿದೆ. ಕಿತ್ತ ಬೊಡ್ಡೆ ಸೌದೆಗೆ ಮಾರಿದ್ದರಿಂದ ಬಾಡಿಗೆಯ ಒಂದು ಭಾಗ ಹುಟ್ಟಿತು. ಕೀಳಲಾಗದ್ದರ ಸಿಪ್ಪೆ ಸುಲಿದು, ಚಿಗುರು ಬಂದ ಹಾಗೆಲ್ಲ ಮುರಿಯುತ್ತಿದ್ದೇವೆ. ಬಿಡದೆ ಮುರಿದರೆ ಬೊಡ್ಡೆ ಸೋಲುತ್ತದೆ.

ಮೊದಲ ಬೆಳೆ ರಾಗಿ ಹಾಕಲಿಲ್ಲ. ದಣಿದ ನೆಲ ಅಂತ ಕೊಟ್ಟಿಗೆ ಗೊಬ್ಬರ ಹರಡಿ ಹುರುಳಿ ಚೆಲ್ಲಿದೆವು. ಬೆಳೆ ಸಾಧಾರಣ, ಆದರೆ ಹೊಟ್ಟು ಹಸುಗಳಿಗೆ ಆಯಿತು. ಬದುವಿಗೆ ಗ್ಲಿರಿಸಿಡಿಯ, ಹೊಂಗೆ, ನಾಲ್ಕು ಹೆಬ್ಬೇವು ನೆಟ್ಟಿದ್ದೇವೆ. ಹಲಸು ನೆಡುವ ಆಸೆಯಿತ್ತು, ತಾತ ಬೇಡ ಅಂದ: "ಆನೆಗೆ ಕಾಗದ ಬರೆದ ಹಾಗೆ ಆಯ್ತದೆ." ಒಂದು ವರ್ಷಕ್ಕೆ ಹಳ್ಳವೇನೂ ಹರಿಯಲಿಲ್ಲ. ಇನ್ನೊಂದೆಕರೆಯಲ್ಲಿ ನೀಲಗಿರಿ ಆಳೆತ್ತರ ಚಿಗುರಿದೆ. ಅದರ ತೀರ್ಮಾನ ಮುಂದಿನ ವರ್ಷ.

ಬೊಡ್ಡೆ ಕೀಳುವಾಗ ನನಗೆ ಸಂಕಟವಾಗದೆ ಇರಲಿಲ್ಲ. ಆ ಗುಂಡಿಗಳನ್ನು ಅಪ್ಪ ನನ್ನ ಕೈಲಿ ತೋಡಿಸಿದ್ದ. ಅವ್ವನೇ ಸಮಾಧಾನ ಹೇಳಿದಳು: "ಅವನು ನಿಮಗೇಂತ ನೆಟ್ಟ. ನಿನ್ ಮಕ್ಕಳಿಗೇಂತ ನೀನು ಕೀಳು."

ಕಡ್ಡಿಯ ಆನೆ

ಚಿತ್ರದಿಂದ ಹೊಟ್ಟೆ ತುಂಬುತ್ತದೆಯೇ ಅಂತ ಕೇಳುವವರಿಗೆ ಒಂದು ಉದಾಹರಣೆ. ನೀಲಗಿರಿ ಬೆಟ್ಟದ ಗೂಡಲೂರಿನಲ್ಲಿ ಬೆಟ್ಟಕುರುಬರು, ಪಣಿಯರು ಮೊದಲಾದವರು ಲಂಟಾನದ ಕಡ್ಡಿಯಿಂದ ನಿಜವಾದ ಆನೆಯಷ್ಟೇ ದೊಡ್ಡ ಆನೆಗಳನ್ನು ಹೆಣೆಯುತ್ತಾರೆ. 2021ರಲ್ಲಿ ಆ ಹಿಂಡು ಲಂಡನ್ನಿನ ಉದ್ಯಾನಗಳಲ್ಲಿ ನಿಂತಿತ್ತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಕಡ್ಡಿಯಿಂದ ಕುರ್ಚಿ, ಮೇಜು ಮಾಡುವುದನ್ನು ಕಲಿತು ಬಹಳ ವರ್ಷವಾಯಿತು. ಕಾಡನ್ನು ಕೆಡಿಸಿದ ಕಳೆಯೇ ಕೂಲಿ ಕೊಟ್ಟಿತು. ಇದರಿಂದ ಕಾಡಿನ ಲಂಟಾನವೆಲ್ಲ ಮುಗಿಯುವುದಿಲ್ಲ, ನಿಜ. ಆದರೆ ಮಾಡಿದವರು ಕಾಡಿನವರೇ, ಮಾರಿದ್ದೂ ಅವರ ಕಣ್ಣಿನ ಕಾಡನ್ನೇ.

ನೀವೂ ಬಿಡಿಸಿ ನೋಡಿ

ಖರ್ಚು ಒಂದು ಸೇರು ರಂಗೋಲಿ ಪುಡಿ. ಕೆಲವು ಸೂಚನೆಗಳು:

1. ಮನೆಯ ಅತಿ ಹಿರಿಯರಿಂದ ಶುರು ಮಾಡಿಸಿ. ನೀವು ಬಾಯಿ ಹಾಕಬೇಡಿ.

2. ಹೊಲದ ಗಡಿ ಮೊದಲು ಎಳೆಯಬೇಡಿ. ನೀರು ಮೊದಲು, ದಾರಿ ಆಮೇಲೆ, ಗಡಿ ಕೊನೆಗೆ.

3. ಸೌದೆ ತರುವವರು, ದನ ಕಾಯುವವರು ಇರಲೇಬೇಕು. ಗಂಡಸರೇ ಬಿಡಿಸಿದ ಚಿತ್ರದಲ್ಲಿ ಸೌದೆಯ ದಾರಿ ಇರುವುದಿಲ್ಲ.

4. ಕಾಳು ಹತ್ತೇ ಇರಲಿ. ಇಟ್ಟ ಮೇಲೆ ಬದಲಾಯಿಸಲು ಬಿಡಿ. ಬದಲಾಯಿಸುವಾಗ ಆಡುವ ಮಾತೇ ಮುಖ್ಯ.

5. ಮುಗಿದ ಮೇಲೆ ಶಾಲೆಗೆ ಹೋಗುವ ಮಗುವಿನ ಕೈಲಿ ಕಾಗದಕ್ಕೆ ಇಳಿಸಿ, ತಾರೀಕು ಹಾಕಿ ಇಡಿ.

ನಮ್ಮ ಮೂರು ಚಿತ್ರಗಳನ್ನು ಮೊಮ್ಮಗಳು ನೋಟ್‌ಬುಕ್ಕಿಗೆ ಇಳಿಸಿದ್ದಾಳೆ. ಅಂಗಳದ್ದು ಮಾರನೆಯ ಬೆಳಗ್ಗೆ ಗುಡಿಸಿಹೋಯಿತು. ಕಾಳುಗಳನ್ನು ಕೋಳಿ ತಿಂದವು.